ಪಂಪಿನ ಹಾಜರಿ

ಮೊನ್ನೆ ಭಾನುವಾರ ಸಂಜೆ ಪಕ್ಕದ ಮನೆಯಾತ ತನ್ನ ಮೊಬೈಲನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ತಂದು ಹಿಡಿದ. ಪರದೆಯ ತುಂಬ ಹಸಿರು ಟಿಕ್ ಗುರುತುಗಳು. ಅವನ ಮಗುವಿಗೆ ದಿನಕ್ಕೆ ಎರಡು ಹೊತ್ತು ತಪ್ಪದೆ ಮಾತ್ರೆ ಕೊಡಬೇಕು, ಅದೂ ವರ್ಷಗಟ್ಟಲೆ. ಅದಕ್ಕೆಂದೇ ಒಂದು ಆ್ಯಪ್ ಹಾಕಿಕೊಂಡಿದ್ದಾನೆ. ಹೊತ್ತಿಗೆ ಸರಿಯಾಗಿ ಅದು ಕಿಣಿಕಿಣಿ ಎನ್ನುತ್ತದೆ, ಇವನು ಒತ್ತುತ್ತಾನೆ, ಹಸಿರು ಟಿಕ್ ಬೀಳುತ್ತದೆ. “ನೋಡಿ ಅಂಕಲ್, ನೂರಕ್ಕೆ ನೂರು. ಒಂದು ದಿನನೂ ಮಿಸ್ ಇಲ್ಲ” ಎಂದ. ಅವನ ಮುಖದ ಮೇಲಿದ್ದ ಆ ಕಳೆ ನನಗೆ ಚೆನ್ನಾಗಿ ಪರಿಚಯ. ನಾಲ್ಕು ವರ್ಷದ ಹಿಂದೆ ಅದು ನನ್ನ ಮುಖದ ಮೇಲಿತ್ತು.

ಅವನಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ನಿಮಗೆ ಪುರುಸೊತ್ತಿಲ್ಲದಿದ್ದರೂ ನನಗಿದೆ.

ನಾನು ಭದ್ರಾವತಿಯ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು. ಯಾರು ಬಂದರು, ಯಾರು ಬರಲಿಲ್ಲ ಎಂದು ನೋಡುವುದೇ ಕೆಲಸ. ನೋಡುವುದೆಂದರೆ ಮುಖ ನೋಡುವುದಲ್ಲ. ಪ್ರತಿ ಕಾರ್ಮಿಕನಿಗೂ ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಗೇಟಿನೊಳಗೆ ಬಂದವನು ಅದನ್ನು ಬೋರ್ಡಿನಲ್ಲಿ ತನ್ನ ಮೊಳೆಗೆ ನೇತುಹಾಕಬೇಕು. ಸೈರನ್ ಕೂಗಿ ಐದು ನಿಮಿಷಕ್ಕೆ ನಾನು ಬೋರ್ಡಿನ ಗಾಜಿನ ಬಾಗಿಲಿಗೆ ಬೀಗ ಹಾಕುತ್ತಿದ್ದೆ. ಬಿಲ್ಲೆ ಇದ್ದವನು ಹಾಜರು, ಇಲ್ಲದವನು ಗೈರು. ಮುರುಗೇಶ ಎಂಬ ಫಿಟ್ಟರ್ ಒಬ್ಬ ಕೆಲವು ದಿನ ಅಂಗೈಯಲ್ಲಿ ಐದು ಬಿಲ್ಲೆ ಹಿಡಿದುಕೊಂಡು ಬಂದು ಐದು ಮೊಳೆಗೂ ಹಾಕುತ್ತಿದ್ದ. ಒಂದು ದಿನ ಕೈ ಹಿಡಿದು ಕೇಳಿದೆ. “ಸಾರ್, ಬಿಲ್ಲೆ ಮುಂದೆ ಬಂದಿದೆ ಸಾರ್, ಆಳು ಹಿಂದೆ ಬರ್ತಾನೆ” ಎಂದ. ನಾನು ನಕ್ಕು ಬೀಗ ಹಾಕಿದೆ. ನನ್ನ ಬೋರ್ಡು ತುಂಬಿತ್ತು. ಯಂತ್ರದ ಹತ್ತಿರ ಯಾರು ನಿಂತಿದ್ದಾರೆ ಎಂದು ಹೋಗಿ ನೋಡುವುದು ಬೇರೆ ಇಲಾಖೆಯ ತಲೆನೋವು.

ಇಂಥ ಅನುಭವಸ್ಥನ ಕೈಗೆ ಮೊಮ್ಮಗಳ ಆಸ್ತಮಾ ಬಿತ್ತು. ನಿಧಿಗೆ ಆಗ ಹತ್ತು ವರ್ಷ. ಓಲ್ಡ್ ಟೌನಿನ ಈ ಮನೆಯಲ್ಲೇ ಮಗಳು ಅಳಿಯ ನಮ್ಮ ಜೊತೆ ಇದ್ದಾರೆ. ಇಬ್ಬರಿಗೂ ಶಿವಮೊಗ್ಗದಲ್ಲಿ ಕೆಲಸ, ಬೆಳಿಗ್ಗೆ ಏಳೂವರೆಗೆ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚಿದ ಮೇಲೆ. ಶಿವಮೊಗ್ಗದ ಮಕ್ಕಳ ಡಾಕ್ಟರಮ್ಮ ಎರಡು ಪಂಪು, ಅಂದರೆ ಇನ್ಹೇಲರ್, ಬರೆದುಕೊಟ್ಟಿದ್ದರು. ಕಿತ್ತಳೆ ಬಣ್ಣದ್ದನ್ನು ಉಬ್ಬಸ ಇರಲಿ ಇಲ್ಲದಿರಲಿ, ದಿನಾ ಎರಡು ಹೊತ್ತು ಎರಡೆರಡು ಸಲ ಎಳೆದುಕೊಳ್ಳಬೇಕು. ನೀಲಿಯದು ಉಸಿರು ಕಟ್ಟಿದಾಗ ಮಾತ್ರ. “ಕಿತ್ತಳೆ ತಪ್ಪಿಸಬೇಡಿ, ಆಗ ನೀಲಿ ಬೇಕಾಗೋದೇ ಕಮ್ಮಿ” ಎಂದು ಅವರು ಮೂರು ಸಲ ಹೇಳಿದರು. ನಾನು ಮೂರು ಸಲ ತಲೆಯಾಡಿಸಿದೆ.

ನಮ್ಮ ಕಡೆ ಮಗುವಿಗೆ ಕಾಯಿಲೆ ಎಂದರೆ ನೆಂಟರಿಗೆ ಸುಗ್ಗಿ. ಹೊಳೆಹೊನ್ನೂರಿನಿಂದ ನನ್ನ ಹೆಂಡತಿ ಸರೋಜಳ ಅಣ್ಣ ಬಂದ. “ಪಂಪು ಹಿಡಿಸಿದ್ರಾ? ಹೋಯ್ತು ಬಿಡಿ. ಅದು ಒಂದ್ಸಲ ಅಭ್ಯಾಸ ಆದ್ರೆ ಸಾಯೋವರೆಗೂ ಬಿಡಲ್ಲ. ಹೆಣ್ಣು ಹುಡುಗಿ ಬೇರೆ. ಉಬ್ಬಸ ಬಂದಾಗ ಕೊಟ್ರೆ ಸಾಲದಾ ಮಾರಾಯ?” ಎಂದ. ಈ ಮನುಷ್ಯ ತನ್ನ ಅಡಿಕೆ ಮರಗಳಿಗೆ ಮಳೆ ಹಿಡಿಯುವ ಮೊದಲೇ ಔಷಧಿ ಹೊಡೆಸುತ್ತಾನೆ. ಕೊಳೆ ರೋಗ ಬಂದ ಮೇಲೆ ಹೊಡೆದು ಏನು ಪ್ರಯೋಜನ ಎಂದು ಊರಿಗೆಲ್ಲ ಪಾಠ ಹೇಳುತ್ತಾನೆ. ಅಡಿಕೆಗಿರುವ ಮರ್ಯಾದೆ ತಂಗಿಯ ಮೊಮ್ಮಗಳ ಎದೆಗೂಡಿಗೆ ಇರಲಿಲ್ಲ. ಅದಾದ ವಾರಕ್ಕೆ ಆಯನೂರಿನಿಂದ ನನ್ನ ಚಿಕ್ಕಮ್ಮ ಬಂದು, ಜೀವಂತ ಮೀನು ನುಂಗಿಸಿದರೆ ಒಂದೇ ಸಲಕ್ಕೆ ಗುಣ ಎಂದಳು. ಎಂದೂ ಮೊಟ್ಟೆ ಕೂಡ ಮುಟ್ಟದ ಹೆಂಗಸು. ಇದನ್ನೆಲ್ಲ ಕೇಳುತ್ತ ನಿಧಿ ಮೂಲೆಯಲ್ಲಿ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದಳು. ಮಕ್ಕಳಿಗೆ ಕಿವಿ ಇರುತ್ತದೆ ಎಂಬುದನ್ನು ದೊಡ್ಡವರು ಮರೆತುಬಿಡುತ್ತಾರೆ.

ನಾನು ನೆಂಟರ ಮಾತಿಗೆ ಸೊಪ್ಪು ಹಾಕಲಿಲ್ಲ. ನಾನು ವಿಜ್ಞಾನದ ಕಡೆಯವನು. ಆದ್ದರಿಂದ ಪ್ಲೈವುಡ್ಡಿನ ಒಂದು ತುಂಡು ತಂದು, ತಿಂಗಳ ಒಂದೊಂದು ದಿನಕ್ಕೂ ಎರಡು ಮೊಳೆ ಹೊಡೆದು, ಹಿತ್ತಾಳೆ ಅಂಗಡಿಯಲ್ಲಿ ಬಿಲ್ಲೆ ಮಾಡಿಸಿ, ನಡುಮನೆಯಲ್ಲಿ ಹಾಜರಿ ಬೋರ್ಡು ತೂಗುಹಾಕಿದೆ. ಪಂಪು ತೆಗೆದುಕೊಂಡರೆ ಬಿಲ್ಲೆ ಮೊಳೆಗೆ. ತಿಂಗಳು ಪೂರ್ತಿ ಹಾಜರಿ ಇದ್ದರೆ ಶಿವಮೊಗ್ಗದಲ್ಲಿ ಮಸಾಲೆ ದೋಸೆ. ಬೆಳಿಗ್ಗೆ ಏಳಕ್ಕೂ ಸಂಜೆ ಏಳಕ್ಕೂ ನಾನು ನಡುಮನೆಯಲ್ಲಿ ನಿಂತು “ನಿಧೀ, ಪಂಪೂ!” ಎಂದು ಕೂಗುತ್ತಿದ್ದೆ. ಬೀದಿಯ ಕೊನೆಯ ಮನೆಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ಪಂಪಿನ ಬೆನ್ನಿನಲ್ಲಿ ಒಂದು ಪುಟ್ಟ ಕಿಂಡಿಯೂ ಇತ್ತು, ಒಮ್ಮೆ ಒತ್ತಿದರೆ ಅದರೊಳಗಿನ ಅಂಕಿ ಒಂದು ಇಳಿಯುತ್ತದೆ. ಬೋರ್ಡಿಗೂ ಕಿಂಡಿಗೂ ತಾಳೆ ಹಾಕುವುದು ನನ್ನ ಭಾನುವಾರದ ಪೂಜೆ. ತಾಳೆ ತಪ್ಪಿದ್ದೇ ಇಲ್ಲ. ಮೂರು ತಿಂಗಳು ಬೋರ್ಡು ಭರ್ತಿ.

ಮೂರು ತಿಂಗಳೂ ಹುಡುಗಿ ಕೆಮ್ಮುತ್ತಲೇ ಇದ್ದಳು, ಅದು ಬೇರೆ ವಿಷಯ.

ಡಾಕ್ಟರಮ್ಮನಿಗೆ ತೋರಿಸಲು ಹೋಗುವಾಗ ಬೋರ್ಡನ್ನೂ ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ಬಿಲ್ಲೆಗಳು ದಾರಿಯುದ್ದಕ್ಕೂ ಗಲಗಲ ಎನ್ನುತ್ತಿದ್ದವು. “ಏನ್ ಯಜಮಾನ್ರೇ, ದೇವ್ರಾ?” ಎಂದು ಕಂಡಕ್ಟರ್ ಕೇಳಿದ. ನಿಧಿ ಕಿಟಕಿಯ ಕಡೆ ತಿರುಗಿ ಕೂತಳು. ಡಾಕ್ಟರಮ್ಮ ಬೋರ್ಡನ್ನು ಸಾವಕಾಶವಾಗಿ ನೋಡಿದರು, ಆಮೇಲೆ ನಿಧಿಯ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟರು. “ಬೋರ್ಡ್ ಬಹಳ ಚೆನ್ನಾಗಿದೆ. ಎದೆ ಚೆನ್ನಾಗಿಲ್ಲ” ಎಂದರು.

ನನಗೆ ಅವಮಾನವಾಯಿತು. “ಹಾಗಾದ್ರೆ ಔಷಧೀನೇ ಸಾಲ್ತಿಲ್ಲ ಮೇಡಂ. ಪವರ್ ಜಾಸ್ತಿ ಮಾಡಿ” ಎಂದೆ. “ಮಾಡಬಹುದು. ಅದಕ್ಕೆ ಮೊದಲು ನಾನು ಇವಳ ಹತ್ರ ಐದು ನಿಮಿಷ ಮಾತಾಡ್ತೀನಿ, ನೀವು ಹೊರಗೆ ಕೂತಿರಿ” ಎಂದರು. ನಾನು ಏಳಲಿಲ್ಲ. “ಅವಳು ಹೇಳೋದನ್ನೆಲ್ಲ ನಾನೇ ಹೇಳ್ತೀನಲ್ಲ, ಕೇಳಿ” ಎಂದೆ. ಅವರು ನಿಧಿಯ ಮುಖ ನೋಡಿದರು. ನಿಧಿ ನನ್ನ ಮುಖ ನೋಡಿದಳು. ನಾನು ಬೋರ್ಡು ನೋಡಿದೆ. ಆ ಐದು ನಿಮಿಷವನ್ನು ಬಿಟ್ಟುಕೊಟ್ಟಿದ್ದರೆ ಮುಂದಿನದ್ದು ನಡೆಯುತ್ತಿರಲಿಲ್ಲ. ಈಗಲೂ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳೋಣ ಎನಿಸುತ್ತದೆ.

ಮೂರು ವಾರ ಕಳೆದು ಒಂದು ಶನಿವಾರ. ಬೆಳಗಿನ ಶಾಲೆ ಮುಗಿಸಿ ಬಂದ ನಿಧಿ ಗೇಟಿನ ಸರಳು ಹಿಡಿದು ನಿಂತಿದ್ದಳು. ಒಳಗೆ ಬರುತ್ತಿಲ್ಲ. ಹತ್ತಿರ ಹೋದರೆ ಭುಜಗಳು ಮೇಲಕ್ಕೆ ಕೆಳಕ್ಕೆ ಹೋಗುತ್ತಿವೆ, ಕತ್ತಿನ ಕುಳಿ ಒಳಕ್ಕೆ ಎಳೆದುಕೊಳ್ಳುತ್ತಿದೆ, ತುಟಿಯ ಬಣ್ಣ ಸರಿಯಿಲ್ಲ. “ತಾ” ಎಂದಳು, ಮುಂದಿನ ಅಕ್ಷರಕ್ಕೆ ಉಸಿರು ಸಾಲಲಿಲ್ಲ. ನೀಲಿ ಪಂಪು ಒತ್ತುತ್ತಲೇ ಆಟೋದಲ್ಲಿ ಊರಿನ ಆಸ್ಪತ್ರೆಗೆ ಹೋದೆವು. ಅವರು ಆಕ್ಸಿಜನ್ ಹಚ್ಚಿ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ಮೂವತ್ತು ವರ್ಷ ಗೈರುಹಾಜರಿ ಬರೆದವನಿಗೆ ಒಬ್ಬರು ಇಲ್ಲವಾಗುವುದೆಂದರೆ ಏನೆಂದು ಆ ದಾರಿಯಲ್ಲಿ ಗೊತ್ತಾಯಿತು.

ಆಂಬುಲೆನ್ಸಿನಲ್ಲೇ ಸರೋಜ ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದಳು: “ರೀ, ಸಂಜೆ ಬಿಲ್ಲೆ ಎಲ್ಲ ನಾನೇ ಹಾಕ್ತಿದ್ದೆ. ಆಟ ಆಡ್ಕೊಂಡು ನಗ್ತಾ ಬರೋ ಮಗೂಗೆ ಯಾಕೆ ಅಭ್ಯಾಸ ಮಾಡಿಸೋದು ಅಂತ. ಅಣ್ಣ ಹೇಳಿದ್ನಲ್ಲ. ನೀವು ಕಿಂಡಿ ನೋಡ್ತೀರಲ್ಲ, ಅದಕ್ಕೆ ಹಿತ್ತಲಲ್ಲಿ ಎರಡು ಸಲ ಒತ್ತಿಬಿಡ್ತಿದ್ದೆ.” ಹಿತ್ತಲಲ್ಲಿ ನಮ್ಮ ಬಸಳೆ ಚಪ್ಪರ ಇದೆ. ಮೂರು ತಿಂಗಳು ನಾನು ಮನೆಯೊಳಗೇ ಇದ್ದೆ. ಎದ್ದು ಹಿತ್ತಲಿಗೆ ಹೋಗಿ ನೋಡಿದವನಲ್ಲ.

ಬೆಳಗಿನ ಪಾಳಿಯ ಕಥೆ ಮಾರನೆಯ ದಿನ ತಿಳಿಯಿತು. ಅಷ್ಟರಲ್ಲಿ ನಿಧಿಯ ಉಸಿರು ಒಂದು ಹದಕ್ಕೆ ಬಂದಿತ್ತು. ಈ ಸಲ ಡಾಕ್ಟರಮ್ಮ ನನ್ನನ್ನು ಕೇಳಲಿಲ್ಲ, ಹೊರಗೆ ನಡೆಯಿರಿ ಎಂದರು. ಹೊರಗೆಂದರೆ ಹಸಿರು ಪರದೆಯ ಆಚೆ. ಕೇಳಬಾರದೆಂದು ಯಾರೂ ಹೇಳಿರಲಿಲ್ಲ.

“ಬೆಳಿಗ್ಗೆ ಪಂಪ್ ಏನ್ ಮಾಡ್ತಿದ್ದೆ ಪುಟ್ಟಾ? ಬೈಯಲ್ಲ.”

“ಬಚ್ಚಲಲ್ಲಿ ಗೋಡೆ ಮೇಲಿನ ಹಲ್ಲಿಗೆ ಹೊಡೀತಿದ್ದೆ.”

ಡಾಕ್ಟರಮ್ಮ ನಗಲಿಲ್ಲ. ನಾನೂ ಆಗ ನಗಲಿಲ್ಲ. ಈಗ ಹೇಳಬಹುದು, ಇಡೀ ಜಿಲ್ಲೆಯಲ್ಲಿ ಅತ್ಯಂತ ಶಿಸ್ತಿನಿಂದ ಆಸ್ತಮಾ ಚಿಕಿತ್ಸೆ ಪಡೆದ ಪ್ರಾಣಿ ಎಂದರೆ ನಮ್ಮ ಬಚ್ಚಲಿನ ಹಲ್ಲಿ. ಬಸಳೆಗೆ ಎರಡನೇ ಸ್ಥಾನ.

“ಯಾಕೆ ಇಷ್ಟ ಇಲ್ಲ? ಕಹಿನಾ?”

“ಕಹಿ ಅಲ್ಲ. ನಾನು ಆರಾಮಾಗಿ ಇರ್ತೀನಿ. ತಾತ ಪಂಪು ಅಂತ ಕೂಗ್ತಾರೆ. ಆಗ ನಂಗೆ ಕಾಯಿಲೆ ಇದೆ ಅಂತ ನೆನಪಾಗುತ್ತೆ. ಬೀದಿಯವ್ರಿಗೆಲ್ಲ ನೆನಪಾಗುತ್ತೆ.”

“ಮತ್ತೆ ಬಿಲ್ಲೆ ಯಾಕೆ ಹಾಕ್ತಿದ್ದೆ? ತಗೊಂಡಿಲ್ಲ ಅಂತ ಹೇಳಬಹುದಿತ್ತಲ್ಲ?”

ನಿಧಿ ಅಂದಳು: “ತಾತ ಪಾಪ. ಅವ್ರಿಗೆ ಬೋರ್ಡ್ ತುಂಬಿದ್ರೆ ಎಷ್ಟು ಖುಷಿ ಗೊತ್ತಾ? ನಂಗೆ ಬೇಜಾರಾದ್ರೂ ಪರವಾಗಿಲ್ಲ ಅಂತ ಹಾಕ್ತಿದ್ದೆ.”

ಪರದೆಯ ಆಚೆ ನಿಂತವನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಅವಳನ್ನು ನಾನು ನೋಡಿಕೊಳ್ಳುತ್ತಿದ್ದೇನೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಹತ್ತು ವರ್ಷದ ಮಗು ತನ್ನ ಉಸಿರನ್ನು ಅಡವಿಟ್ಟು ನನ್ನನ್ನು ನೋಡಿಕೊಳ್ಳುತ್ತಿತ್ತು. ಅತ್ತುಬಿಟ್ಟೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಗಂಡಸು ಅತ್ತರೆ ಜನ ಸುಮ್ಮನೆ ಹೋಗುವುದಿಲ್ಲ. ಒಬ್ಬಳು ಆಯಾ ಬಂದು, “ಯಾರಜ್ಜಾ, ಹೋಗ್ಬಿಟ್ರಾ?” ಎಂದು ಕೇಳಿದಳು. ಇಲ್ಲಮ್ಮ, ಉಳಿದರು ಎಂದೆ.

ಬಿಡುಗಡೆಯ ದಿನ ಡಾಕ್ಟರಮ್ಮ ನಿಧಿಯನ್ನೇ ಕೇಳಿ ಏರ್ಪಾಟು ಮಾಡಿದರು. ಪಂಪು ಎಲ್ಲಿರಬೇಕು? ಹಲ್ಲುಜ್ಜುವ ಬ್ರಷ್ಷಿನ ಪಕ್ಕ, ಯಾಕೆಂದರೆ ಆಮೇಲೆ ಹೇಗೂ ಬಾಯಿ ಮುಕ್ಕಳಿಸಬೇಕು. ಯಾವಾಗ? ಹಲ್ಲುಜ್ಜುವ ಮೊದಲು, ಎರಡು ಹೊತ್ತೂ. ಯಾರು ಕೂಗಬೇಕು? ಯಾರೂ ಕೂಗಬಾರದು. ಸರೋಜಳನ್ನು ಕೂರಿಸಿಕೊಂಡು, ಇದರಿಂದ ಅಭ್ಯಾಸ ಹಿಡಿಯುವುದಿಲ್ಲ, ಬಿಟ್ಟಿದ್ದರಿಂದಲೇ ಇಲ್ಲಿಗೆ ಬಂದಿರಿ ಎಂದು ಬಿಡಿಸಿ ಹೇಳಿದರು. ಬಂದ ಮೇಲೆ ಸರೋಜ ಅಣ್ಣನಿಗೆ ಫೋನು ಮಾಡಿ ಅದನ್ನೇ ಇನ್ನೂ ಖಾರವಾಗಿ ಹೇಳಿದಳು. ನನಗೆ ಒಂದೇ ಕೆಲಸ ಕೊಟ್ಟರು. “ಅವಳು ಇವತ್ತು ತಗೊಂಡಿಲ್ಲ ಅಂದ್ರೆ ಬೈಯಬಾರದು. ‘ಹೇಳಿದ್ದು ಒಳ್ಳೇದಾಯ್ತು’ ಅನ್ನಬೇಕು. ಆಮೇಲೆ ಯಾಕೆ ಅಂತ ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಳ್ಳಿ.” ಇಷ್ಟೇನಾ ಎಂದೆ. ಇಷ್ಟು ಮಾಡಿ ನೋಡಿ ಎಂದರು.

ನೀವೂ ಮಾಡಿ ನೋಡಿ. ಮನೆಗೆ ಬಂದ ಒಂಬತ್ತನೆಯ ದಿನ ನಿಧಿ ನನ್ನೆದುರು ಬಂದು ನಿಂತು, “ತಾತ, ಬೆಳಿಗ್ಗೆ ತಗೊಂಡಿಲ್ಲ” ಎಂದಳು. ನನ್ನ ಕಿವಿ ಬಿಸಿಯಾಯಿತು. ಗಂಟಲಿಗೆ ಬಂದದ್ದನ್ನೆಲ್ಲ ಹರಳೆಣ್ಣೆ ಕುಡಿದವನಂತೆ ನುಂಗಿ, “ಹೇಳಿದ್ದು... ಒಳ್ಳೇದಾಯ್ತು” ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದು, “ನಿಮಗೆ ಹೊಟ್ಟೆನೋವಾ?” ಎಂದು ಕೇಳಿದಳು. ಆಮೇಲೆ ತಾನೇ ಹೋಗಿ ಎಳೆದುಕೊಂಡು ಬಂದಳು. ನಾಲ್ಕು ವರ್ಷದಲ್ಲಿ ಆ ಮಾತನ್ನು ಎಷ್ಟೋ ಸಲ ಹೇಳಿದ್ದೇನೆ. ಸುಲಭವೇನೂ ಆಗಿಲ್ಲ.

ಇಷ್ಟು ಪಾಠ ಕಲಿತವನು ಬದಲಾಗಿರಬೇಕಲ್ಲವೇ? ಹಾಗೆಂದು ನಾನೂ ನಂಬಿದ್ದೆ. ಆದರೆ ಮೊನ್ನೆ ಪಕ್ಕದ ಮನೆಯಾತ ಹಸಿರು ಟಿಕ್ಕುಗಳನ್ನು ತೋರಿಸಿ ಹೋದದ್ದೇ ತಡ, ನನ್ನೊಳಗಿನ ಗುಮಾಸ್ತ ಎದ್ದು ಕೂತ. ನಿಧಿಗೆ ಈಗ ಹದಿನಾಲ್ಕು, ಶಾಲೆಯ ಖೋಖೋ ತಂಡದಲ್ಲಿದ್ದಾಳೆ. ತಗೊಳ್ಳುತ್ತಿದ್ದಾಳೋ ಇಲ್ಲವೋ, ಕೇಳಿ ಎರಡು ತಿಂಗಳಾಯಿತಲ್ಲ. ಒಂದೇ ಒಂದು ಸಲ ಅಂಕಿ ನೋಡಿದರೆ ಯಾರ ಗಂಟು ಹೋಗುತ್ತದೆ? ಮೆಲ್ಲಗೆ ಬಚ್ಚಲಿಗೆ ಹೋಗಿ, ಬ್ರಷ್ಷಿನ ಪಕ್ಕದಿಂದ ಪಂಪು ಎತ್ತಿ, ಕನ್ನಡಕ ಹಣೆಗೇರಿಸಿ, ಕಿಂಡಿಯನ್ನು ಬೆಳಕಿಗೆ ಹಿಡಿದೆ.

“ತಾತ!”

ಆಟದಿಂದ ಬಂದವಳು, ಮೈಯೆಲ್ಲ ಕೆಂಪು ಮಣ್ಣು, ಬಾಗಿಲಲ್ಲಿ ನಿಂತಿದ್ದಾಳೆ. ಶುರುಮಾಡಿದಳು. “ಎಷ್ಟು ಸಲ ಹೇಳೋದು ನಿಮಗೆ, ಕೇಳ್ಬೇಕು ಅಂದ್ರೆ ನನ್ನ ಕೇಳಿ, ಪಂಪಿನ ಹತ್ರ ಏನು ಕೇಳ್ತೀರಾ, ನಾನೇನು ನಿಮ್ಮ ಫ್ಯಾಕ್ಟ್ರಿ ಆಳಾ, ಗುರುವಾರ ಬೆಳಿಗ್ಗೆ ಒಂದು ಬಿಟ್ಟಿದೀನಿ ಮ್ಯಾಚ್ ಇತ್ತು ಅಂತ, ಸಂಜೆ ಅಮ್ಮಂಗೆ ಹೇಳಿದೀನಿ, ನಿಮಗೂ ಹೇಳೋಣ ಅಂತಿದ್ದೆ, ಈಗ ಹೇಳಲ್ಲ ಹೋಗಿ, ಅದೂ ಕದ್ದು ಕದ್ದು, ಬಚ್ಚಲಲ್ಲಿ, ಮುದುಕರಾದ ಮೇಲೆ ನಾಚಿಕೆ ಆಗಲ್ವಾ...” ನಾನು ಪಂಪು ಹಿಡಿದುಕೊಂಡು ನಿಂತೇ ಇದ್ದೆ. ಮೈದಾನದಿಂದ ಓಡಿ ಬಂದ ಹುಡುಗಿ, ಮಧ್ಯೆ ಒಂದು ಕಡೆಯೂ ಉಸಿರಿಗೆಂದು ನಿಲ್ಲಲಿಲ್ಲ.

ಅಡುಗೆಮನೆಯಿಂದ ಸರೋಜ, “ಸಾಕು ಬಿಡೇ ಮಾರಾಯ್ತಿ, ವಯಸ್ಸಾದವ್ರು” ಎಂದಳು.

“ನೀನು ಸುಮ್ನಿರು,” ಎಂದೆ, “ಅವಳು ಪೂರ್ತಿ ಬೈಲಿ.”