ಅತ್ತೆ ಹೊತ್ತ ಹೆಸರು

ಆಂಟಾಪ್ ಹಿಲ್‌ನ ಶಿವಕುಮಾರಿ ಟೀವಿಯಲ್ಲಿ ಒಂದು ಹಳೆಯ ಥ್ರಿಲ್ಲರ್ ಸಿನಿಮಾ ನೋಡಿದ್ದೇ ತಪ್ಪಾಯಿತು. ಅದರ ನಾಯಕಿ ಬಾಣಂತಿ. ಮಾಳಿಗೆಯ ಮೇಲೆ ಯಾರೋ ಓಡಾಡುವ ಸದ್ದು ಅವಳೊಬ್ಬಳಿಗೇ ಕೇಳುತ್ತದೆ. ಅವಳನ್ನು ಹುಚ್ಚಾಸ್ಪತ್ರೆಗೆ ತಳ್ಳಿ ಬಾಗಿಲು ಹಾಕುವಲ್ಲಿಗೆ ಸಿನಿಮಾ ಮುಗಿಯುತ್ತದೆ. ಬೇರೆಯವರಿಗೆ ಮೈ ಜುಮ್ಮೆಂದಿರಬಹುದು, ಶಿವಕುಮಾರಿಗೆ ತನ್ನದೇ ಹಳೆಯ ಕಥೆ ನೆನಪಾಯಿತು. ಮಗಳು ಹುಟ್ಟಿದಾಗ ಅವಳಿಗೂ ಹೀಗೇ ಆಗಿತ್ತು. ಸಾಲುಮನೆಗಳ ಆ ಚಾಳಿನ ತಗಡಿನ ಚಾವಣಿಯ ಮೇಲೆ ಹೆಜ್ಜೆ ಸಪ್ಪಳ, ಕೂಸನ್ನು ಒಯ್ಯಲು ಯಾರೋ ಬಂದರೆಂಬ ಭಯ. ದವಾಖಾನೆಯ ಮಾತ್ರೆಯಿಂದ ಗುಣವಾಗಿತ್ತು, ಆ ಮಗಳೀಗ ಕಾಲೇಜಿಗೆ ಹೋಗುತ್ತಾಳೆ. ಆದರೂ ಮತ್ತೆ ಹಾಗಾದರೆ ತನ್ನ ಗತಿಯೂ ಇಷ್ಟೇ ಎಂಬ ಅಂಜಿಕೆ ಹುಟ್ಟಿತು.

ಕನ್ನಡ ಸಂಘದ ಲೈಬ್ರರಿಯಲ್ಲಿ ಆ ಸಿನಿಮಾದ ಮೂಲ ಕಾದಂಬರಿ ಕನ್ನಡದಲ್ಲೇ ಸಿಕ್ಕಿತು. ಪುಸ್ತಕದಲ್ಲಾದರೂ ಆ ಹೆಂಗಸು ಬದುಕಿಕೊಂಡಾಳೇನೋ ಎಂದು ತಂದಳು. ಒಬ್ಬಳೇ ಓದುವ ಧೈರ್ಯವಿಲ್ಲ. ಅತ್ತೆ ಇಂದ್ರಾಬಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದತೊಡಗಿದಳು. ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತಾ, ಕಥೆಯ ಗಂಡನಿಗೆ ಬಾಯಿಗೆ ಬಂದಂತೆ ಬೈಯುತ್ತಾ ಕೇಳಿದಳು.

ಅರ್ಧ ಪುಸ್ತಕ ದಾಟಿದ ಮೇಲೆ, ಸಿನಿಮಾದಲ್ಲಿ ಇಲ್ಲವೇ ಇಲ್ಲದ ಅಡುಗೆಯಾಕೆಯೊಬ್ಬಳು ಬಂದಳು. ಒಡತಿ ಊರವರ ಬಾಯಿಗೆ ಬೀಳಬಾರದೆಂದು, ಸದ್ದು ಕೇಳುವುದು ತನಗೆ, ತಲೆ ಕೆಟ್ಟಿರುವುದು ತನ್ನದು ಎಂದು ಆಕೆ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಾಳೆ. ಒಡತಿ ಮನೆಯಲ್ಲೇ ಗುಣವಾಗುತ್ತಾಳೆ.

ಇಂದ್ರಾಬಾಯಿ ನಕ್ಕುಬಿಟ್ಟಳು. "ಅಯ್ಯ, ಇಕಿನೂ ನನ್ನಂಗ ಮಾಡ್ಯಾಳಲ್ಲ!"

"ನೀವೇನ್ ಮಾಡಿದ್ರಿ ಅತ್ತೀ?"

"ನಿನ್ನ ಬಾಣಂತನದಾಗ, ದವಾಖಾನಿಗಿ ಯಾಕ ಹೊಂಟೀರಿ ಅಂತ ಚಾಳಿನವ್ರು ಕೇಳ್ತಿದ್ರು. ನನ್ನ ತಲಿ ಕೆಟ್ಟದ, ಸೊಸಿ ಕರ್ಕೊಂಡು ಹೊಂಟಾಳ ಅಂದೆ. ಹರೇದಾಕಿ ನೀ, ಹೆಸರು ಕೆಡಬಾರದು. ಮುದುಕಿಗೇನ್ ಆಗ್ತದವ್ವಾ?"

ಶಿವಕುಮಾರಿ ಪುಸ್ತಕ ಮುಚ್ಚಿದಳು. ಚಾಳಿನ ಹೆಂಗಸರು ಅತ್ತೆಯನ್ನು ಕಂಡು ಮುಸಿಮುಸಿ ನಗುತ್ತಿದ್ದದ್ದು, ಅತ್ತೆ ಕೈ ಚಾಚಿದರೆ ತಮ್ಮ ಕೂಸುಗಳನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು. ಮಕ್ಕಳೆಂದರೆ ಜೀವ ಬಿಡುವ ಹೆಂಗಸು, ಇಷ್ಟು ವರ್ಷ ತುಟಿ ಪಿಟಕ್ಕೆನ್ನದೆ ಸಹಿಸಿದ್ದಳು. ಹೆತ್ತ ತಾಯಿಯೂ ಇಷ್ಟು ಮಾಡುತ್ತಿದ್ದಳೋ ಇಲ್ಲವೋ! ಇಂಥ ಅತ್ತೆ ಸಿಕ್ಕಿದ್ದು ಯಾವ ಜನ್ಮದ ಪುಣ್ಯವೋ ಎನಿಸಿ, ಸೊಪ್ಪಿನ ಕೈಗಳನ್ನು ಹಿಡಿದುಕೊಂಡು ಅತ್ತಳು. ಸಿನಿಮಾ ನೋಡಿ ಹುಟ್ಟಿದ ಅಂಜಿಕೆ ಆ ಅಳುವಿನಲ್ಲೇ ಕರಗಿತು.

ಮರುದಿನ ಪಕ್ಕದ ಖೋಲಿಯ ಅಂಬವ್ವ ಮೊಮ್ಮಗನನ್ನು ಎತ್ತಿಕೊಂಡು ತನ್ನ ಬಾಗಿಲಲ್ಲಿ ನಿಂತಿದ್ದಳು. ಶಿವಕುಮಾರಿ ನೆಟ್ಟಗೆ ಹೋಗಿ, "ಅಂಬವ್ವಾ, ಆವಾಗ ತಲಿ ಕೆಟ್ಟಿದ್ದು ನಮ್ಮ ಅತ್ತೀದಲ್ಲ, ನಂದು. ನನ್ನ ಮರ್ಯಾದಿ ಉಳಸ್ಬೇಕಂತ ಅವ್ರು ಸುಳ್ಳು ಹೇಳಿದ್ರು" ಎಂದಳು.

"ಏ, ಸುಮ್ನಿರವ್ವಾ!" ಎಂದು ಇಂದ್ರಾಬಾಯಿ ಹೊಸ್ತಿಲಲ್ಲಿ ಕುಳಿತಲ್ಲಿಂದಲೇ ಗದರಿದಳು.

ಅಂಬವ್ವ ಬಾಯಿ ತೆರೆದು ಇಬ್ಬರನ್ನೂ ನೋಡಿದಳು. ಆಮೇಲೆ ಬಂದು ಮೊಮ್ಮಗನನ್ನು ಇಂದ್ರಾಬಾಯಿಯ ತೊಡೆಯ ಮೇಲೆ ಕೂರಿಸಿದಳು.

"ಹಿಡೀರಿ ಇಂದ್ರಕ್ಕಾ, ಗ್ಯಾಸ್ ಮ್ಯಾಲ ಹಾಲ ಇಟ್ಟೀನಿ" ಎಂದು ತನ್ನ ಖೋಲಿಯೊಳಗೆ ಹೋದಳು.