ಮಗಳ ಹೆಸರಿನ ಮೊದಲ ಅಕ್ಷರ

ಮಗಳಿಗೆ ನಾನಿಟ್ಟ ಹೆಸರು 'ಹ'ದಿಂದ ಶುರುವಾಗುತ್ತದೆ. ಪೂರ್ತಿ ಬರೆಯುವುದಿಲ್ಲ. ಅವಳೀಗ ದೊಡ್ಡವಳು, ಓದಿದರೆ ನನ್ನ ಗ್ರಹಚಾರ ಬಿಡಿಸುತ್ತಾಳೆ. ತೊಂಬತ್ತರ ದಶಕದ ಕೊನೆಯಲ್ಲಿ ಅವಳು ಹುಟ್ಟಿದಾಗ ಶಿವಮೊಗ್ಗದಲ್ಲಿ ಆ ಹೆಸರಿನವರನ್ನು ನಾನಂತೂ ಕಂಡಿರಲಿಲ್ಲ. ನಾನು ಪ್ರೈಮರಿ ಶಾಲೆಯ ಕನ್ನಡ ಮೇಡಂ. ಹಾಜರಿ ಕೂಗುವಾಗ ಒಂದೇ ಹೆಸರಿಗೆ ಮೂರು ಮಕ್ಕಳು 'ಎಸ್ ಮಿಸ್' ಅನ್ನುವುದನ್ನು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ಮಗಳ ಹೆಸರು ಇನ್ನೊಬ್ಬರಿಗೆ ಇರಕೂಡದು ಎಂದು ಹಟ ಹಿಡಿದು ಹುಡುಕಿದ್ದೆ.

ಆದರೆ ಮನೆಯಲ್ಲೇ ಒಬ್ಬರಿಗೆ ಅದು ಬಾಯಿಗೆ ಬರಲಿಲ್ಲ. ಮಾವನಿಗೆ. ಭದ್ರಾವತಿಯ ಕಾರ್ಖಾನೆಯಲ್ಲಿ ಫರ್ನೇಸಿನ ಮುಂದೆ ಆಯುಷ್ಯವೆಲ್ಲ ದುಡಿದು, ನಿವೃತ್ತರಾದ ಮೇಲೆ ನ್ಯೂ ಟೌನಿನ ಕ್ವಾರ್ಟರ್ಸ್ ಬಿಟ್ಟು ವಿನೋಬನಗರದ ನಮ್ಮ ಬಾಡಿಗೆ ಮನೆಗೆ ಬಂದಿದ್ದರು. ಅವರಿಗೆ ಹಾಲು 'ಆಲು', ಹಲ್ಲು 'ಅಲ್ಲು'. ತೊಟ್ಟಿಲ ಶಾಸ್ತ್ರದ ದಿನ ಬಗ್ಗಿ, 'ಹ' ನುಂಗಿ, ಮೊಮ್ಮಗಳನ್ನು ಕರೆದರು. ನೆಂಟರೆಲ್ಲ ಇದ್ದರು. ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು.

"ಮಾವ, ಅ ಅಲ್ಲ, ಹ! ಹೆಸರೇ ಕೆಟ್ಟುಹೋಗುತ್ತೆ."

ಆಮೇಲೂ ಬಿಡಲಿಲ್ಲ. ಅವರು ಹೆಸರು ಹಿಡಿದಾಗಲೆಲ್ಲ ತಿದ್ದಿದೆ. ಒಂದು ದಿನ ಗಂಡ ರೇಗಿದರು. "ಬಿಡೇ ಮಾರಾಯ್ತಿ, ಅಪ್ಪ ಏನು ನಿನ್ನ ಒಂದನೇ ಕ್ಲಾಸಾ?" ನಾನು ಸೊಪ್ಪು ಹಾಕಲಿಲ್ಲ. ಮಗು ತಪ್ಪು ಕಲಿತರೆ ಜನ ಆಡಿಕೊಳ್ಳುವುದು ಮೇಡಂ ಆದ ನನ್ನನ್ನು ತಾನೆ?

ಬರಬರುತ್ತ ಮಾವ ಹೆಸರು ಹೇಳುವುದನ್ನೇ ಬಿಟ್ಟರು. "ಮಗಾ", "ಬಂಗಾರಿ", "ಏ ಪುಟ್ಟಿ", ಅಷ್ಟೇ. ಒಮ್ಮೆ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದರೆ, ಒಗೆಯುವ ಕಲ್ಲಿನ ಮೇಲೆ ಕೂತು ಕನ್ನಡಕದ ಗಾಜಿಗೆ 'ಹಾ, ಹಾ' ಎಂದು ಊದುತ್ತಿದ್ದರು. ಒರೆಸುತ್ತಿರಲಿಲ್ಲ, ಬರೀ ಊದುತ್ತಿದ್ದರು. ಕದ್ದು ಅಭ್ಯಾಸ ಮಾಡುತ್ತಿದ್ದಾರೆಂದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅದೇ ಮಧ್ಯಾಹ್ನ "ಹನ್ನ ಆಯ್ತೇನಮ್ಮ?" ಅಂದರು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಪಾಪಿ ನಾನು.

ಮೂರು ತುಂಬಿದ ಮೇಲೆ ಮಗಳನ್ನು ನರ್ಸರಿಗೆ ಸೇರಿಸಿದೆವು. ಮೊದಲ ವಾರ ತಾಯಂದಿರನ್ನು ಒಳಗೆ ಬಿಡುತ್ತಿದ್ದರು, ರಜೆ ಹಾಕಿ ನಾನೇ ಕ್ಲಾಸಿನ ಬಾಗಿಲಿಂದ ಕರೆತಂದೆ. ಆಮೇಲಿನದು ಮಾವನ ಪಾಲಿಗೆ ಬಂತು. "ಗೇಟಲ್ಲಿ ಆಯಾಗೆ ಹೆಸರು ಹೇಳ್ಬೇಕು ಮಾವ, ಸರಿಯಾಗಿ ಹೇಳಿ" ಎಂದು ಬೆಳಿಗ್ಗೆ ಎರಡೆರಡು ಸಲ ಹೇಳಿದೆ. ಆದರೂ ಜೀವ ತಡೆಯದೆ, ಒಂದು ಪೀರಿಯಡ್ಡನ್ನು ಬೇರೆ ಮೇಡಂಗೆ ಒಪ್ಪಿಸಿ ಹೋಗಿ ನರ್ಸರಿಯ ಎದುರಿನ ಅಂಗಡಿ ಹತ್ತಿರ ನಿಂತೆ.

ಮಾವ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಗೇಟು ಹಿಡಿದು, ಉಸಿರೆಳೆದುಕೊಂಡು, ಹೆಸರು ಹೇಳಿದರು. 'ಹ' ಎಷ್ಟು ಸ್ಪಷ್ಟವಾಗಿ ಬಂತೆಂದರೆ ರಸ್ತೆಯ ಈಚೆಗೂ ಕೇಳಿತು. ಅಬ್ಬಾ, ನನಗೆ ಎಷ್ಟು ಖುಷಿಯಾಯಿತು!

ಆಯಾ ಒಳಗೆ ಹೋಗಿ ಒಂದು ಮಗುವನ್ನು ತಂದು ನಿಲ್ಲಿಸಿದಳು. ಅದು ನಮ್ಮ ಮಗುವಲ್ಲ.

"ಇವಳಲ್ಲ ಕಣಮ್ಮ" ಅಂದರು ಮಾವ.

"ನೀವು ಹೇಳಿದ್ದು ಇದೇ ಹೆಸ್ರು ತಾನೇ ಅಜ್ಜ? ಈ ಹೆಸ್ರಿನ ಮಕ್ಳು ಮೂರು ಇದಾವೆ. ಈಗ ಎಲ್ರೂ ಇದನ್ನೇ ಇಡ್ತಾರೆ."

ನಾನು ತಲೆ ಕೆಡಿಸಿಕೊಂಡು ಹುಡುಕಿದ ಹೆಸರು ಮೂರೇ ವರ್ಷದಲ್ಲಿ ಊರ ತುಂಬ! ಅವಳು ತಂದ ಎರಡನೆಯ ಮಗುವೂ ನಮ್ಮದಾಗಿರಲಿಲ್ಲ. ಮಾವ ಕಂಗಾಲಾದರು. ನಾನು ರಸ್ತೆ ದಾಟುವಷ್ಟರಲ್ಲಿ ಅವರು ಗೇಟಿನ ಮೇಲಿಂದ ಬಗ್ಗಿ, ಮೆಷಿನ್ನುಗಳ ಗದ್ದಲದಲ್ಲಿ ಕೂಗಿ ಪಳಗಿದ ಗಂಟಲಲ್ಲಿ ಒಂದೇ ಸಲ ಕರೆದರು. 'ಹ' ಇಲ್ಲದೆ.

"ತಾತಾ!" ಎನ್ನುತ್ತ ಮಗಳು ಬ್ಯಾಗು ಎಳೆದುಕೊಂಡು ಓಡಿ ಬಂದಳು. ಯಾರನ್ನು ಕರೆದರೆಂಬ ಅನುಮಾನ ಅವಳಿಗೆ ಚೂರೂ ಇರಲಿಲ್ಲ. ನಾನಿಲ್ಲದಾಗಲೆಲ್ಲ ಅವರು ಅವಳನ್ನು ಹಾಗೇ ಕರೆಯುತ್ತಿದ್ದರೆಂದು ನನಗೆ ಆಗ ತಿಳಿಯಿತು. ಸ್ವಂತ ಮೊಮ್ಮಗಳನ್ನು, ನನ್ನ ಕಣ್ಣು ತಪ್ಪಿಸಿ, ಕಳ್ಳನ ಹಾಗೆ.

ಮಾವ ತಿರುಗಿ ನನ್ನನ್ನು ನೋಡಿದರು. ಹಿಡಿದಿದ್ದ ಮಗುವಿನ ಕೈ ಬಿಟ್ಟರು.

"ತಪ್ಪಾಯ್ತು ಕಣಮ್ಮ. ಗಾಬ್ರೀಲಿ ಬಂದ್ಬಿಡ್ತು. ಇನ್ಮೇಲೆ ಆಗೆ ಕರಿಯಲ್ಲ."

ನನಗೆ ಗೇಟಿನ ಮುಂದೆಯೇ ಅಳು ಬಂತು. "ಕರೀರಿ ಮಾವ, ನಿಮಗೆ ಬಂದ ಹಾಗೇ ಕರೀರಿ" ಅಂದೆ. ಅವರು ನಂಬಲಿಲ್ಲ. ಮನೆ ಮುಟ್ಟುವವರೆಗೂ ಅವಳನ್ನು ಏನೆಂದೂ ಕರೆಯಲಿಲ್ಲ.