ಬೆಕ್ಕು ಹಿಡಿಯೋ ಮುನಿಗಂಗಪ್ಪ

ನಮ್ಮನೆಯವರ ಹೆಸರು ಮುನಿಗಂಗಪ್ಪ. ಗಾಂಧಿ ಬಜಾರಿನಲ್ಲಿ ಸೊಪ್ಪು, ತರಕಾರಿ ಅಂಗಡಿ. ಎನ್.ಆರ್. ಕಾಲೋನಿಯ ನಮ್ಮ ಬೀದಿಯಲ್ಲಿ ಮಾತ್ರ ಅವರು ಬೆಕ್ಕು ಹಿಡಿಯೋ ಗಂಗಪ್ಪ.

ಅದು ಶುರುವಾಗಿದ್ದು ತೊಂಬತ್ತಾರರಲ್ಲಿ. ಬೀದೀಲಿ ಬೆಕ್ಕು ಜಾಸ್ತಿಯಾಗಿದ್ದವು. ಬೆಕ್ಕು ಕೊಂದರೆ ಪಾಪ ಅಂತ ಯಾರೂ ಕೊಲ್ಲುತ್ತಿರಲಿಲ್ಲ. ಮರಿಗಳನ್ನು ಗೋಣಿಚೀಲಕ್ಕೆ ತುಂಬಿ ಮಾರ್ಕೆಟ್ ಹತ್ತಿರ ಬಿಟ್ಟು ಬರ್ತಿದ್ದರು. ಅಂಥ ಒಂದು ಚೀಲ ಒಂದು ಬೆಳಿಗ್ಗೆ ಇವರ ಅಂಗಡಿ ಮುಂದೆಯೇ ಬಿದ್ದಿತ್ತು. ಬಿಚ್ಚಿ ನೋಡಿದರೆ ಒಂದಕ್ಕೂ ಜೀವ ಇರಲಿಲ್ಲ. ಅವತ್ತು ಇವರು ಊಟ ಮಾಡಲಿಲ್ಲ.

ಪ್ರಾಣಿ ಡಾಕ್ಟರು ಯಶಶ್ರೀ ಅಂತ, ಇವರ ಹತ್ತಿರವೇ ತರಕಾರಿ ಕೊಳ್ಳೋರು. ಬೆಕ್ಕಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿ ಹಿಡಿದ ಜಾಗದಲ್ಲೇ ಬಿಟ್ಟರೆ ತಾವಾಗಿ ಕಮ್ಮಿಯಾಗ್ತವೆ ಅಂತ ಅವರು ಹೇಳಿದರು. ಇವರು ಇಲಿಬೋನಿನ ಥರದ್ದೇ ದೊಡ್ಡದೊಂದು ಬೋನು ಮಾಡಿಸಿದರು. ಒಳಗೆ ಒಣಮೀನು. ನಮ್ಮದೋ ಮಡಿಯವರ ಬೀದಿ. ಎದುರುಮನೆ ವಿಶಾಲಮ್ಮ ಮೂಗಿಗೆ ಸೆರಗು ಹಿಡಿದು, "ಏನು ಗಂಗಪ್ಪ, ತರಕಾರಿ ಜೊತೆ ಮೀನೂ ಶುರು ಮಾಡಿದ್ಯಾ?" ಅಂದರು.

"ಈ ಗಿರಾಕಿಗಳು ನಿಮಗಿಂತ ವಾಸಿ ವಿಶಾಲಮ್ನೋರೇ, ಚೌಕಾಸಿ ಮಾಡಲ್ಲ," ಅಂದರು ಇವರು.

ಆಪರೇಷನ್ ಆದ ಬೆಕ್ಕಿಗೆ ಗುರುತಿಗೆ ಅಂತ ಎಡಗಿವಿಯ ತುದಿ ಚೂರು ಕತ್ತರಿಸೋರು. ಐದು ವರ್ಷದಲ್ಲಿ ಬೀದಿಯ ಮುಕ್ಕಾಲು ಬೆಕ್ಕಿಗೆ ಆ ಗುರುತು ಬಿತ್ತು. ಗೋಣಿಚೀಲ ನಿಂತಿತು.

ಬೋನು ಇಡೋ ಮುಂಚೆ ಇವರು ಮನೆಮನೆಗೆ ಹೋಗಿ ಕೇಳೋರು: "ಮರಿ ಹಾಕಿದೆಯಾ? ಹಾಕಿದ್ರೆ ಹೇಳಿ, ಎರಡು ತಿಂಗಳು ಬಿಡ್ತೀನಿ." ತಾಯೀನ ಒಯ್ದರೆ ಮರಿಗಳಿಗೆ ಹಾಲಿಲ್ಲ. ಕೇಳದೆ ಒಂದು ಸಲವೂ ಬೋನು ಇಟ್ಟವರಲ್ಲ.

ಎರಡು ಸಾವಿರದ ಒಂದರಲ್ಲಿ ಮಗಳು ಲಾವಣ್ಯಾ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ ಬಾಣಂತಿಗೆ ಅಂತ ಇಟ್ಟಿದ್ದೆ. ಆ ಕೋಣೆಯ ಅಟ್ಟದಲ್ಲೇ ಬೂದು ಬೆಕ್ಕೊಂದು ಮೂರು ಮರಿ ಹಾಕಿತು. ನೋಡಿದ್ದು ನಾನೊಬ್ಬಳೇ. ಎಳೇ ಕೂಸಿನ ತಲೆ ಮೇಲೆ ಎರಡು ತಿಂಗಳು ಬೆಕ್ಕು ಓಡಾಡೋದಾ? ಹಾಲಿನ ವಾಸನೆಗೆ ಬಂದು ಮುಖದ ಮೇಲೆ ಕೂತ್ಕೊಳ್ಳುತ್ತೆ ಅಂತ ನಮ್ಮಮ್ಮ ಹೇಳ್ತಿದ್ದಳು.

ಬುಧವಾರ ಇವರು ಕೇಳಿದರು. "ಬೂದು ಬೆಕ್ಕು ಮರಿ ಹಾಕಿದೆಯೇನೇ?"

"ಇಲ್ಲ," ಅಂದೆ.

ಗುರುವಾರ ಬೆಳಿಗ್ಗೆ ಬೆಕ್ಕು ಬೋನಿಗೆ ಬಿತ್ತು. ಅದೇ ಹೊತ್ತಿಗೆ ಲಾವಣ್ಯಾಗೆ ನೋವು ಬಂತು. ಒಂದೇ ಆಟೋದಲ್ಲಿ ಮಗಳೂ ಹೋದಳು, ಬೋನೂ ಹೋಯಿತು. ಇವರು ಬೆಕ್ಕನ್ನು ಡಾಕ್ಟರ ಹತ್ತಿರ ಇಳಿಸಿ, ಮೂರು ದಿನ ಆಸ್ಪತ್ರೆ ವರಾಂಡದಲ್ಲೇ ಮಲಗಿದರು. ನಾನು ಊಟ ಕೊಟ್ಟು ಬರ್ತಿದ್ದೆ.

ತಾಯಿ ಇಲ್ಲದಾಗ ಮರಿಗಳನ್ನ ಹಿತ್ತಲಿಗೆ ಸಾಗಿಸೋಣ, ಹಾಲು ಇಡೋಣ ಅಂದ್ಕೊಂಡಿದ್ದೆ. ಅಟ್ಟ ಹತ್ತಲಿಲ್ಲ. ಶುಕ್ರವಾರ ಪೂರ್ತಿ ಕೂಗಿದವು. ಕೋಣೆ ಬಾಗಿಲು ಹಾಕಿದೆ. ಶನಿವಾರ ಮಧ್ಯಾಹ್ನ ಕೂಗು ನಿಂತಿತು. ನನಗೆ ಹಾಯೆನ್ನಿಸಿತು. ಇದನ್ನೂ ಬರೀಬೇಕು. ಹಾಯೆನ್ನಿಸಿತು.

ಭಾನುವಾರ ಇವರು ಬೆಕ್ಕು ತರೋದಕ್ಕೆ ಹೋದಾಗ ಡಾಕ್ಟರು, "ಇದಕ್ಕೆ ಹಾಲಿತ್ತಲ್ಲಾ, ಮರಿ ಎಲ್ಲಿ? ತಿಳಿಸೋಣ ಅಂದ್ರೆ ನಿಮ್ಮನೇಲಿ ಫೋನಿಲ್ಲ," ಅಂದರಂತೆ. ಇವರು ಓಡಿ ಬಂದರು. ಬೋನಿನ ಬಾಗಿಲು ತೆಗೆದದ್ದೇ ಬೆಕ್ಕು ನೇರ ಅಟ್ಟಕ್ಕೆ ಹಾರಿತು. ಇವರು ಏಣಿ ಹತ್ತಿದರು. ಇಳಿದಾಗ ಪಂಚೆ ಮಡಿಲಲ್ಲಿ ಮೂರೂ ಇದ್ದವು.

"ಕೂಗು ಕೇಳಿಸಲಿಲ್ವೇನೇ?"

"ಆಸ್ಪತ್ರೆಗೆ ಓಡಾಡ್ತಿದ್ದೆನಲ್ಲ."

"ಹೂಂ. ನೀನೇನು ಮಾಡ್ತೀಯಾ. ನಾನು ಹೊಟ್ಟೆ ಮುಟ್ಟಿ ನೋಡಬೇಕಿತ್ತು. ಗಡಿಬಿಡೀಲಿ ಮರೆತೆ."

ಬೀದಿಗೆಲ್ಲ ತಾವೇ ಹೇಳಿಕೊಂಡರು, ನನ್ನ ಕೈಯಿಂದ ಆಗೋಯ್ತು ಅಂತ. ವಿಶಾಲಮ್ಮ, "ಚಿನ್ನದ ಬೆಕ್ಕು ಮಾಡಿಸಿ ಕಾಶೀಲಿ ದಾನ ಕೊಡಪ್ಪ," ಅಂದರು. ಯಾವತ್ತೂ ಮಾತಿಗೆ ಮಾತು ಕೊಡೋರು, ಅವತ್ತು ತಲೆ ತಗ್ಗಿಸಿ ನಿಂತಿದ್ದರು. ನಾನು ಬಾಗಿಲ ಹಿಂದೆ ಮೊಮ್ಮಗುವನ್ನ ಎತ್ಕೊಂಡು ನಿಂತಿದ್ದೆ.

ಬೋನನ್ನು ಗುಜರಿಗೆ ಹಾಕಿದರು. ಡಾಕ್ಟರು ಎರಡು ಸಲ ಕರೆದರು, ಹೋಗಲಿಲ್ಲ. ಮೂರು ವರ್ಷಕ್ಕೆ ಬೀದೀಲಿ ಮತ್ತೆ ಬೆಕ್ಕೇ ಬೆಕ್ಕು. ಯಾರೋ ಅನ್ನಕ್ಕೆ ವಿಷ ಬೆರೆಸಿಟ್ಟರು. ಏಳು ಸತ್ತವು. ಅದರಲ್ಲಿ ನಾಲ್ಕಕ್ಕೆ ಕಿವಿ ತುದಿ ಇರಲಿಲ್ಲ. ಆ ನಾಲ್ಕನ್ನ ಇವರೇ ಹಿಡಿದು, ಇವರೇ ವಾಪಸ್ ತಂದು ಬಿಟ್ಟಿದ್ದರು. ಏಳನ್ನೂ ಹೂತು ಬಂದು ಬಚ್ಚಲಲ್ಲಿ ಬಹಳ ಹೊತ್ತು ಕೂತಿದ್ದರು. ಅವತ್ತಾದರೂ ಹೇಳಬಹುದಿತ್ತು. ನೀರು ಕಾಯಿಸಿ ಕೊಟ್ಟೆ.

ಹೋದ ವರ್ಷ ಹೋಗಿಬಿಟ್ಟರು. ಎದೆನೋವು ಅಂದರು, ಆಟೋ ಬರೋವರೆಗೂ ಇರಲಿಲ್ಲ. ಹೇಳೋದಕ್ಕೆ ನನಗೆ ಏಳು ವರ್ಷ ಇತ್ತು.

ತಿಥಿಯ ದಿನ ಎಲೆ ಮುಂದೆ ಕೂತು ಎಲ್ಲರೂ ಅವರನ್ನ ಹೊಗಳಿದರು. ವಿಶಾಲಮ್ಮ, "ದೇವರಂಥ ಮನುಷ್ಯ. ಆ ಮರಿಗಳದ್ದು ಒಂದು ಬಿಟ್ಟರೆ," ಅಂದರು. ನಾನು ಸಾರು ಬಡಿಸ್ತಿದ್ದೆ. ಬಡಿಸ್ತಾ ಮುಂದಕ್ಕೆ ಹೋದೆ.

ಆ ಒಂದು ಅವರದಲ್ಲ, ನನ್ನದು. ನಿನ್ನೆ ಎದುರುಮನೆಗೆ ಹೋಗಿ ವಿಶಾಲಮ್ಮನಿಗೆ ಹೇಳಿದೆ. "ಅಯ್ಯೋ ಪಿಳ್ಳಮ್ಮ, ಸತ್ತವರ ತಪ್ಪನ್ನ ಯಾಕೆ ಮೈಮೇಲೆ ಎಳ್ಕೋತೀಯಾ?" ಅಂದರು. ನಂಬಲಿಲ್ಲ. ಗಂಡನ ಮೇಲಿನ ಪ್ರೀತಿಗೆ ಹೇಳ್ತಿದೀನಿ ಅಂದ್ಕೊಂಡರು.

ಲಾವಣ್ಯಾಗೆ ಫೋನ್ ಮಾಡಿ ಹೇಳಿದೆ. ಅವಳು ನಂಬಿದಳು. "ಅಪ್ಪನಿಗೆ ಹೇಳಬೇಕಿತ್ತಮ್ಮ," ಅಂದು ಫೋನ್ ಇಟ್ಟಳು.